ತಾಯಪ್ಪನ ಬೋಣಿಗೆ

ತಾಯಪ್ಪನ ತಾಪತ್ರಯಕ್ಕೆಲ್ಲ ಮೂಲ ಒಂದು ಸೊಳ್ಳೆ.

ಕಾಲುವೆಗೆ ನೀರು ಬರುವ ಮೊದಲು ಶಹಾಪುರದಲ್ಲಿ ಸೊಳ್ಳೆಗಳೇ ಇರಲಿಲ್ಲವೆಂದಲ್ಲ. ಇದ್ದವು, ಆದರೆ ಬಡವರ ಮನೆಗೆ ಬಂದ ನೆಂಟರಂತೆ ಬೇಗ ಹೊರಟುಹೋಗುತ್ತಿದ್ದವು. ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಗದ್ದೆಯಲ್ಲಿ ನೀರು ನಿಂತಿತು, ನಿಂತ ನೀರಿನಲ್ಲಿ ಸೊಳ್ಳೆಗಳು ಸಂಸಾರ ಹೂಡಿದವು. ಊರ ಗುಡ್ಡಗಳ ಸಾಲಿನಲ್ಲೇ ಅಂಗಾತ ಮಲಗಿದಂತೆ ಕಾಣುವ ಬುದ್ಧನೊಬ್ಬನನ್ನು ಬಿಟ್ಟರೆ ನಿಶ್ಚಿಂತೆಯಿಂದ ನಿದ್ದೆ ಮಾಡುವವರು ಯಾರೂ ಉಳಿಯಲಿಲ್ಲ.

ತಾಯಪ್ಪನ ತಾಯಿ ಮರಿಲಿಂಗಮ್ಮ ತನ್ನ ಕೊನೆಯ ಮಳೆಗಾಲವನ್ನು ಮುಂಬಾಗಿಲ ಕೋಣೆಯ ಹಗ್ಗದ ಹೊರಸಿನ ಮೇಲೆ ಮಲಗಿಯೇ ಕಳೆದಳು. ಕೈಯೆತ್ತಿ ಸೊಳ್ಳೆ ಓಡಿಸುವ ಶಕ್ತಿಯೂ ಆಕೆಗಿರಲಿಲ್ಲ. ಮಗ ಪಕ್ಕದಲ್ಲಿ ಕೂತು ಟವೆಲ್ಲು ಬೀಸುತ್ತಿದ್ದ. ಆದರೂ ಒಂದು ಸೊಳ್ಳೆ ಮಾತ್ರ ಟವೆಲ್ಲಿನ ಗಾಳಿಯಲ್ಲೇ ಈಜಿ ಬಂದು ಮುದುಕಿಯ ಹಣೆಯ ವಿಭೂತಿಯ ನಡುವೆ ಕೂರುತ್ತಿತ್ತು. "ಇರ್ಲಿ ಬಿಡೋ, ಅದಕ್ಕೂ ಹೊಟ್ಟಿ ಅದ," ಎಂದು ಆಕೆ ನಗುತ್ತಿದ್ದಳು. ಶಿವ ಕರೆದ, ಹೋದಳು. ಖಾಲಿ ಹೊರಸನ್ನು ನೋಡಲಾರದೆ ತಾಯಪ್ಪ ಆ ಕೋಣೆಯಲ್ಲೇ ಅಂಗಡಿ ಹಾಕಿದ. ಇನ್ನು ಯಾರ ತಾಯಿಗೂ ಸೊಳ್ಳೆ ಕಡಿಯಬಾರದೆಂದು ಸೊಳ್ಳೆ ಪರದೆಗಳನ್ನೇ ತಂದಿಟ್ಟ.

ಒಂದೂ ಮಾರಲಿಲ್ಲ. ಜನ ಬರುತ್ತಿದ್ದರು, ಪರದೆಯನ್ನು ಬೆರಳಲ್ಲಿ ಜಗ್ಗಿ ನೋಡುತ್ತಿದ್ದರು, "ಮೀನ ಹಿಡಿಯಾಕ ಬರ್ತದೇನು?" ಎಂದು ಕೇಳುತ್ತಿದ್ದರು. ಹಿಡಿಯಲಾಗದೆಂದು ತಿಳಿದ ಮೇಲೆ ಮನೆಗೆ ಹೋಗಿ ಬೇವಿನ ಸೊಪ್ಪಿನ ಹೊಗೆ ಹಾಕಿ, ಕೆಮ್ಮುತ್ತ ಮಲಗುತ್ತಿದ್ದರು.

ಮಾಲು ಸಾಲದ ಮೇಲೆ ಬಂದದ್ದು ಯಾದಗಿರಿಯ ಅಂಬ್ರಪ್ಪನ ಸೀರೆ ಅಂಗಡಿಯಿಂದ. ಅಂಬ್ರಪ್ಪ ತಾಯಪ್ಪನಿಗೆ ಸೋದರಮಾವ. ಹೆಂಡತಿ ದೇವಕಮ್ಮನ ತಂದೆಯೂ ಹೌದು. ಹೀಗೆ ಎರಡು ಕಡೆಯಿಂದಲೂ ಮಾವನಾದ್ದರಿಂದ ಬೈಯುವ ಹಕ್ಕೂ ಇಮ್ಮಡಿಯಾಗಿತ್ತು. ಮೊದಲು ತಾಯಪ್ಪ ಅವನ ಅಂಗಡಿಯಲ್ಲೇ ಇದ್ದ. ಎತ್ತರದ ಆಳು, ತಿಳಿಬಣ್ಣ. ಹಾಗಾಗಿ ಅವನ ಕೆಲಸವೇನೆಂದರೆ ಹೊಸ ಸೀರೆಯ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಹೆಂಗಸರ ಮುಂದೆ ತಿರುಗಿ ತಿರುಗಿ ನಿಲ್ಲುವುದು. ಯಾದಗಿರಿಯ ಹುಡುಗರು ಅವನನ್ನು "ತಾಯಕ್ಕ" ಎಂದು ಕರೆಯತೊಡಗಿದ ದಿನವೇ ಅವನು ಸ್ವಂತ ಅಂಗಡಿಯ ಶಪಥ ಮಾಡಿದ್ದ.

ಕೊನೆಗೊಂದು ದಿನ ಮಾವ ಹೇಳಿ ಕಳಿಸಿದ: "ನಾಳಿ ಸಂಜಿಗೆ ಟೆಂಪೋ ತಗೊಂಡು ಬರ್ತೀನಿ. ದೀಪ ಹಚ್ಚೂದ್ರಾಗ ಬೋಣಿಗಿ ಆಗಿದ್ರ ಅಂಗಡಿ ನಿಂದು. ಆಗಿಲ್ಲಂದ್ರ ಮಾಲು ಟೆಂಪೋದಾಗ, ನೀ ನನ್ನ ಅಂಗಡ್ಯಾಗ."

ಬೋಣಿಗೆ ಎಂದರೆ ಮೊದಲ ವ್ಯಾಪಾರ. ಗಿರಾಕಿಯ ಕೈಯಿಂದ ಬಂದ ಮೊದಲ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲೆಪೆಟ್ಟಿಗೆಗೆ ಹಾಕಿದ ಮೇಲೆಯೇ ಅಂಗಡಿಗೆ ಜೀವ ಬರುವುದು. ಮನೆಯವರ ದುಡ್ಡು ಬೋಣಿಗೆಯಾಗದು, ಉದ್ರಿ ಸಾಲವೂ ಬೋಣಿಗೆಯಾಗದು. ತಾಯಪ್ಪನ ಗಲ್ಲೆಯಲ್ಲಿ ಅಂಗಡಿ ತೆರೆದ ದಿನ ಇಟ್ಟ ಅರಿಶಿನದ ಕೊಂಬೊಂದೇ ಉರುಳಾಡುತ್ತಿತ್ತು.

ಹೀಗಾಗಿ ಮರುದಿನ ಮುಂಜಾನೆ ತಾಯಪ್ಪ ಕೂತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದ, ಒಳಗೆ ಹೋಗಿ ಪರದೆ ಮಡಚುತ್ತಿದ್ದ, ಮಡಚಿದ್ದನ್ನು ಮತ್ತೆ ಬಿಚ್ಚುತ್ತಿದ್ದ. ಬಿಸಿ ಕಲ್ಲಿನ ಮೇಲೆ ಬಿದ್ದ ಕಪ್ಪೆಯೂ ಅಷ್ಟು ಹಾರಿರಲಿಕ್ಕಿಲ್ಲ.

"ಒಂದ ಕಡಿ ಕೂಡ್ರಿ," ಎಂದಳು ದೇವಕಮ್ಮ ಒಳಗಿನಿಂದ. "ನೀವು ಹಿಂಗ ತಿರುಗಿದ್ರ ಬರೂ ಗಿರಾಕಿಗೂ ತಲಿ ತಿರುಗತದ."

ಅಷ್ಟರಲ್ಲಿ ಮಾಳಿಗೆಯ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹಣಮಂತ್ರಾಯ ಸರ್ ಇಳಿದು ಬಂದರು. ಅವರು ಒಂದು ಖಾಸಗಿ ಕಾಲೇಜಿನಲ್ಲಿ ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್ ಕಲಿಸುತ್ತಿದ್ದರು. ಜನ್ಮದಲ್ಲಿ ಒಂದು ಗುಂಡುಸೂಜಿ ಮಾರಿದವರಲ್ಲ. ಆದರೆ ಮಾರುವುದು ಹೇಗೆಂದು ಕರಿಹಲಗೆಯ ಮೇಲೆ ಬಾಣ ಬರೆದು, ಗೋಲ ಬರೆದು, ಎದೆ ತಟ್ಟಿ ಹೇಳಬಲ್ಲವರು. ಅಂದು ಅವರಿಗೆ ರಜೆ. ತಾಯಪ್ಪನ ಗ್ರಹಚಾರ.

"ತಾಯಪ್ಪನವ್ರ, ನೀವು ಪರದಿ ಮಾರಾಕತ್ತೀರಿ. ಅಲ್ಲೇ ತಪ್ಪಿದ್ದು," ಎಂದರು ಸರ್.

"ಮತ್ತೇನ ಮಾರ್ಲಿ ಸರ?"

"ನಿದ್ದಿ ಮಾರ್ರಿ! ಗಿರಾಕಿಗೆ ಬೇಕಾದದ್ದು ಜಾಳಗಿ ಅಲ್ಲ, ನಿದ್ದಿ."

"ನಿದ್ದಿ ಇವರ ಹತ್ರ ಸ್ಟಾಕ್ ಇಲ್ರಿ ಸರ," ಎಂದಳು ದೇವಕಮ್ಮ. "ಅಂಗಡಿ ತೆರದಾಗಿಂದ ಕಣ್ಣ ಮುಚ್ಚಿಲ್ಲ."

ಸರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಪಾಠ ಮಾಡುವವರು ಪ್ರಶ್ನೆಗಳನ್ನು ಕೊನೆಗೆ ತೆಗೆದುಕೊಳ್ಳುತ್ತಾರೆ. "ಮಾರಾಟಕ್ಕ ನಾಲ್ಕು ಮೂಲತತ್ವ. ಸರಕು, ದರ, ಸ್ಥಳ, ಪ್ರಚಾರ. ಹೊರಸಿಗೆ ನಾಲ್ಕು ಕಾಲು ಇದ್ದಂಗ. ಒಂದು ಮುರದ್ರೂ ವ್ಯಾಪಾರ ನೆಲಕ್ಕ. ಎಲ್ಲಕ್ಕಿಂತ ಮ್ಯಾಲ ಇನ್ನೊಂದು ತತ್ವ ಅದ: ಗಿರಾಕಿ ದೇವರು!"

"ಖರೇ ಸರ," ಎಂದ ತಾಯಪ್ಪ ನಿಟ್ಟುಸಿರು ಬಿಟ್ಟು. "ದೇವರೂ ಕಣ್ಣಿಗೆ ಕಾಣವಲ್ಲ, ಗಿರಾಕೀನೂ ಕಾಣವಲ್ಲ."

"ಸಂಜಿ ಒಳಗ ಕಾಣಸ್ತೀನಿ. ಮೊದಲ ಸರಕು. ಈ ಗಂಟು ನೋಡ್ರಿ, ಕುರಿ ಕರುಳು ಸುತ್ತಿಟ್ಟಂಗ ಅದ. ಇದನ್ನ ಯಾರು ಮುಟ್ತಾರ? ಒಂದೊಂದಕ್ಕ ಕೆಂಪು ರಿಬ್ಬನ್ ಕಟ್ರಿ. ಹೋಗ್ರಿ, ತಗೊಂಡು ಬರ್ರಿ."

ರಿಬ್ಬನ್ನು ಸಿಗುವುದು ಮೌಲಾಬಿಯ ಬಳೆ ಅಂಗಡಿಯಲ್ಲಿ. ತಾಯಪ್ಪ ಹೋದಾಗ ಆಕೆ ಬಳೆಗಳ ಮೇಲೆ ಕೂತ ನೊಣಗಳನ್ನು ಓಡಿಸುತ್ತ ಕೂತಿದ್ದಳು.

"ಬಾ ಬೇಟಾ. ಮುಂಜಾನಿಂದ ಈ ನೊಣ ಬಿಟ್ರ ಬಳಿ ತೊಡಾಕ ಯಾರೂ ಬಂದಿಲ್ಲ. ನಿಮ್ಮವ್ವ ಇದ್ದಾಗ ಶುಕ್ರವಾರಕ್ಕೊಮ್ಮಿ ಬಂದು ಕೂತು, ಸುಖಾದುಃಖಾ ಮಾತಾಡಿ ಹೋಗ್ತಿದ್ದಳು. ಪುಣ್ಯವಂತಿ."

ತಾಯಪ್ಪ ರಿಬ್ಬನ್ನು ಕೊಂಡ. ಮೌಲಾಬಿ ಬಿಸ್ಮಿಲ್ಲಾ ಎಂದು ನೋಟನ್ನು ಕಣ್ಣಿಗೊತ್ತಿಕೊಂಡಳು. ಅವನು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಬಳಿಚಕ್ರವೆಂಬ ಊರಿನ ಕಡೆ ಮದುವೆಗೆ ಹೊರಟಿದ್ದ ಟ್ರ್ಯಾಕ್ಟರೊಂದು ಗಕ್ಕನೆ ನಿಂತಿತು. ಅದರಿಂದ ಹೆಂಗಸರು ಮೂಟೆಯಿಂದ ಶೇಂಗಾ ಸುರಿದಂತೆ ಸುರಿದು ಅಂಗಡಿಗೆ ನುಗ್ಗಿದರು. ತಾಯಪ್ಪ ಗೋಡೆಗೆ ಅಂಟಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಹೊರಬಿದ್ದ.

ಮನೆಗೆ ಬರುವಷ್ಟರಲ್ಲಿ ಸರ್ ಎರಡನೆಯ ತತ್ವವನ್ನು ಮುಗಿಸಿಬಿಟ್ಟಿದ್ದರು. ಹಲಗೆಯೊಂದರ ಮೇಲೆ ದೊಡ್ಡದೊಂದು ದರ ಬರೆದು, ಅದಕ್ಕೆ ಅಡ್ಡಗೀಟು ಹೊಡೆದು, ಕೆಳಗೆ ಸಣ್ಣ ದರ ಬರೆದು ಬಾಗಿಲಿಗೆ ತೂಗುಹಾಕಿದ್ದರು. "ಇದನ್ನ ನೋಡಿದ್ರ ಗಿರಾಕಿಗೆ ಲಾಭ ಆದಂಗ ಅನಸ್ತದ," ಎಂದರು.

ದಾರಿಯಲ್ಲಿ ಹೊರಟಿದ್ದ ಮುದುಕನೊಬ್ಬ ನಿಂತು, ಕನ್ನಡಕ ಏರಿಸಿ, ಹಲಗೆಯನ್ನು ಓದಿದ. "ಮೊದಲ ತಪ್ಪ ಬರದಿದ್ರಿ. ತಿದ್ದಿದ್ದು ಚಲೋ ಆತು ನೋಡ್ರಿ," ಎಂದು ಹೇಳಿ ಹೊರಟುಹೋದ.

"ಸ್ಥಳ ಸರಿ ಇಲ್ಲ," ಎಂದರು ಸರ್ ಕೂಡಲೇ. "ಗಿರಾಕಿ ಇದ್ದಲ್ಲಿ ನಾವು ಹೋಗಬೇಕು. ಬಸ್‌ಸ್ಟ್ಯಾಂಡ್! ಬೇವಿನ ಗಿಡದ ಬುಡಕ ಹೊರಸು ಹಾಕ್ರಿ, ಪರದಿ ಕಟ್ರಿ, ಒಳಗ ನೀವ ಮಲಗ್ರಿ. ನೀವು ಸುಖವಾಗಿ ಮಲಗಿದ್ದು ನೋಡಿದ್ರ ನೋಡಿದವರಿಗೂ ಮಲಗಬೇಕು ಅನಸ್ತದ. ನಾ ಮೈಕಿನಾಗ ವಿವರಣಿ ಕೊಡ್ತೀನಿ."

ಪರದೆ ಕಟ್ಟಲು ಗಳ ಬೇಕು. ಗಳ ಸಿಗುವುದು ಬಾಷುಮಿಯಾನ ಬೊಂಬಿನ ಅಂಗಡಿಯಲ್ಲಿ. ಬಾಷುಮಿಯಾ ಏಣಿಯೊಂದಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ. ತಾಯಪ್ಪ ಎಬ್ಬಿಸಿ ನಾಲ್ಕು ಗಳ ಕೊಂಡ. "ಬೋಣಿಗಿ ನಿಂದ ನೋಡಪಾ," ಎಂದು ಬಾಷುಮಿಯಾ ನೋಟನ್ನು ಹಣೆಗೆ ಮುಟ್ಟಿಸಿಕೊಂಡ. ಅಷ್ಟರಲ್ಲಿ ಭೀಮರಾಯನಗುಡಿ ಕಡೆಯಿಂದ ಜೀಪೊಂದು ಬಂತು. ಇಳಿದ ಗುತ್ತಿಗೆದಾರ, "ದೊಡ್ಡ ಪೆಂಡಾಲ್ ಹಾಕಬೇಕಾಗ್ಯಾದ. ಇದ್ದಷ್ಟೂ ಬೊಂಬು ಬೇಕು," ಎಂದ. ಅವನ ಆಳುಗಳು ಎಷ್ಟು ಹುರುಪಿನವರೆಂದರೆ ತಾಯಪ್ಪನ ಹೆಗಲ ಮೇಲಿದ್ದ ನಾಲ್ಕು ಗಳಕ್ಕೂ ಕೈಹಾಕಿದರು. ಅವನು ಅವುಗಳನ್ನು ತಬ್ಬಿಕೊಂಡು ಓಡಬೇಕಾಯಿತು.

ಖಾಜಾಹುಸೇನನ ಮೈಕ್ ಅಂಗಡಿಯಲ್ಲೂ ಅದೇ ಕತೆ. ಜಾತ್ರೆಯ ಕಾಲ ಮುಗಿದು ಧ್ವನಿವರ್ಧಕಗಳೆಲ್ಲ ಗೋಡೆಯ ಮೇಲೆ ಬಾಯಿ ತೆರೆದು ಆಕಳಿಸುತ್ತಿದ್ದವು. ತಾಯಪ್ಪ ಮುಂಗಡ ಕೊಟ್ಟು ಒಂದು ಮೈಕ್ ಹಿಡಿದು ಹೊರಬರುವುದಕ್ಕೂ, ಪಕ್ಕದ ಹಳ್ಳಿಯವರು ಬಂದು ಭಜನೆಗೆಂದು ಉಳಿದದ್ದನ್ನೆಲ್ಲ ಗಾಡಿಗೆ ಏರಿಸುವುದಕ್ಕೂ ಸರಿಹೋಯಿತು.

"ಸರ, ಇದೇನ್ ಆಟರಿ ದೇವರದು!" ಎಂದ ತಾಯಪ್ಪ ಬೆವರೊರೆಸಿಕೊಳ್ಳುತ್ತ. "ನಾ ಹೋದಲ್ಲೆಲ್ಲಾ ಗಿರಾಕಿ ಬರ್ತಾರ. ನಾ ಇದ್ದಲ್ಲಿ ಬರಂಗಿಲ್ಲ."

"ಅದಕ್ಕ ಅಲ್ಲೇನ್ರಿ ನಾ ಹೇಳೂದು, ಸ್ಥಳದ ಮಹತ್ವ!" ಎಂದು ಸರ್ ಕುಣಿದರು. "ಹೊರಸು ಎತ್ರಿ!"

ಮನೆಯಲ್ಲಿದ್ದ ಹೊರಸು ಒಂದೇ, ಅವ್ವನದು. ತಾಯಪ್ಪ ಅದನ್ನು ತಲೆಯ ಮೇಲೆ ಹೊತ್ತು ಬಜಾರಿನ ನಡುವೆ ನಡೆದ. ಎದುರು ಬಂದ ಇಬ್ಬರು ಟೋಪಿ ತೆಗೆದು ಕೈಮುಗಿದು, "ಯಾರ ಮನ್ಯಾಗ ಸಾವಾಗ್ಯಾದರಿ?" ಎಂದು ಮೆಲ್ಲಗೆ ಕೇಳಿದರು.

ಬಸ್‌ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಕೆಳಗೆ ಬಿಳಿಯ ಪರದೆ ಎದ್ದು ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ತಾಯಪ್ಪ ಒಳಗೆ ಹೋಗಿ ಹೊರಸಿನ ಮೇಲೆ ಮಲಗಿದ. ಸರ್ ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡರು. "ಮಾನ್ಯ ಗ್ರಾಹಕ ಬಂಧುಗಳೇ! ಅಗತ್ಯ ಬೇರೆ, ಅಪೇಕ್ಷೆ ಬೇರೆ, ಬೇಡಿಕೆ ಬೇರೆ..." ಎಂದು ಶುರುಮಾಡಿದರು. ಮೊದಲ ಮಾತಿಗೆ ಜನ ಬಂದರು, ಎರಡನೆಯದಕ್ಕೆ ನಿಂತರು, ಮೂರನೆಯದು ಬರುವ ಮುಂಚೆ ಮೈಕ್ ಕೊಂಯ್ ಎಂದು ಸತ್ತುಹೋಯಿತು. ಸರ್ ವಾಯರು ಹುಡುಕುತ್ತ ಮರದ ಹಿಂದೆ ಮರೆಯಾದರು.

ಈಗ ಉಳಿದದ್ದು ಪರದೆ, ಪರದೆಯೊಳಗೊಬ್ಬ ಮನುಷ್ಯ, ಸುತ್ತ ಜನ.

"ಏನಾಗ್ಯಾದ ಇವಗ?" ಎಂದನೊಬ್ಬ.

"ಮುಟ್ಟುಬ್ಯಾಡ್ರಿ, ಅಂಟೂ ರೋಗ ಇರಬೇಕು. ಅದಕ್ಕ ಜಾಳಗ್ಯಾಗ ಇಟ್ಟಾರ."

ಜನ ಎರಡು ಹೆಜ್ಜೆ ಹಿಂದೆ ಸರಿದರು. ಆಗ ಗಬ್ಬೂರಿನ ಕೈಮಗ್ಗದ ಸೀರೆಯ ಸೆರಗು ಹೊದ್ದ ಮುದುಕಿಯೊಬ್ಬಳು ಜನರನ್ನು ಸರಿಸಿ ಮುಂದೆ ಬಂದಳು. ತಿಮ್ಮವ್ವ ಎಂದು ಆಕೆಯ ಹೆಸರು. "ನಿಮ್ಮ ಬಾಯಾಗ ಮಣ್ಣ ಹಾಕಲಿ! ಮಾರಿ ನೋಡ್ರೋ, ಏನ ಕಳೆ ಅದ! ಯಾರೋ ಮಹಾತ್ಮರು ಮೌನ ಹಿಡದಾರ," ಎಂದು ಸಾಷ್ಟಾಂಗ ನಮಸ್ಕಾರ ಹಾಕಿದಳು.

ಇದನ್ನೆಲ್ಲ ಅಲ್ಲಗಳೆಯಬೇಕಾದವನು ನಿದ್ದೆಹೋಗಿದ್ದ. ಸುಳ್ಳು ನಿದ್ದೆಯಲ್ಲ, ಖರೆ ನಿದ್ದೆ. ಅವ್ವನ ಹೊರಸು, ಬೇವಿನ ನೆರಳು, ಸೊಳ್ಳೆಯಿಲ್ಲದ ಗಾಳಿ. ಎಷ್ಟೋ ದಿನಗಳಿಂದ ದಾರಿ ತಪ್ಪಿದ್ದ ನಿದ್ದೆ ಅವನನ್ನು ಹುಡುಕಿಕೊಂಡು ಬಂದಿತ್ತು. ಕನಸಿನಲ್ಲಿ ಮರಿಲಿಂಗಮ್ಮ ಪಕ್ಕದಲ್ಲಿ ಕೂತು, ಈ ಸಲ ತಾನೇ ಟವೆಲ್ಲು ಬೀಸುತ್ತಿದ್ದಳು.

ಎಚ್ಚರವಾದದ್ದು ಕಿವಿಯ ಬಳಿ ಗುಂಯ್ ಎಂದಾಗ. ತಾಯಪ್ಪನ ಜೊತೆಗೇ ಒಂದು ಸೊಳ್ಳೆಯೂ ಪರದೆಯೊಳಗೆ ಬಂದುಬಿಟ್ಟಿತ್ತು. ಹೊರಗಿನದಕ್ಕೆ ಒಳದಾರಿ ಇಲ್ಲ, ಒಳಗಿನದಕ್ಕೆ ಹೊರದಾರಿ ಇಲ್ಲ. ಅವನು ಕಣ್ಣುಬಿಟ್ಟು ನೋಡುತ್ತಾನೆ, ಸುತ್ತಲೂ ತೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿಯ ಹೊಗೆ, ಕೈಮುಗಿದ ಜನ! ಅವನು ದಿಗಿಲಿನಿಂದ ಎದ್ದು ಕೂತ. ಸೊಳ್ಳೆ ಕೆನ್ನೆಗೆ ಕೂತಿತು; ಫಟ್ಟನೆ ಕೆನ್ನೆಗೆ ಹೊಡೆದುಕೊಂಡ. ಕತ್ತಿಗೆ ಕೂತಿತು, ಕತ್ತಿಗೆ ಹೊಡೆದುಕೊಂಡ. ತೊಡೆಗೆ ಹೊಡೆದುಕೊಂಡು ಎದ್ದು ಕುಣಿದ.

"ಮೈಮ್ಯಾಲ ಬಂತು! ದೇವರು ಬಂತು!" ಎಂದು ತಿಮ್ಮವ್ವ ಕೂಗಿದಳು. ಯಾರೋ ಚರ್ಮದ ಹಲಗೆ ಬಾರಿಸಿದರು.

"ನಾ ದೇವರಲ್ರೀ, ಮಚ್ಚರದಾನಿ ಪರದಿ ಮಾರಾಂವ!" ಎಂದು ತಾಯಪ್ಪ ಕಿರುಚಿದ್ದು ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವನು ಪರದೆಸಮೇತ ಓಡಿದ. ಗಳಗಳು ಬಿದ್ದವು. ಜಾತಕ ಕೂಡದ ವರನಿಂದ ತಪ್ಪಿಸಿಕೊಂಡ ಮದುಮಗಳಂತೆ ಬಿಳಿಯ ಮುಸುಕು ಎಳೆದುಕೊಂಡು ಅವನು ಬಸ್‌ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿದ. ಹೊರಡಲು ನಿಂತಿದ್ದ ಸುರಪುರದ ಬಸ್ಸಿನ ಹಿಂದಿನ ಏಣಿಗೆ ಪರದೆಯ ತುದಿ ಸಿಕ್ಕಿಕೊಂಡಿತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಜಗ್ಗಿತು, ತಾಯಪ್ಪ ಕಳಚಿಕೊಂಡು ಬಿದ್ದ. ಪರದೆ ಮಾತ್ರ ಮಠದ ಪಲ್ಲಕ್ಕಿಯ ಬಾವುಟದಂತೆ ಹಾರಾಡುತ್ತ, ಟಿಕೀಟಿಲ್ಲದೆ ಸುರಪುರಕ್ಕೆ ಹೊರಟುಹೋಯಿತು.

ಮರದ ಕೆಳಗೆ ಬಿದ್ದಿದ್ದ ಚಿಲ್ಲರೆಯನ್ನು ಸರ್ ಟವೆಲ್ಲಿನಲ್ಲಿ ಕಟ್ಟಿ ತಂದರು. "ನೋಡ್ರಿ, ಬೋಣಿಗಿ ಆತು!"

"ಇದು ಕಾಣಿಕಿ, ಬೋಣಿಗಿ ಅಲ್ಲ," ಎಂದು ತಾಯಪ್ಪ ಅದನ್ನೆಲ್ಲ ಗುಡಿಯ ಹುಂಡಿಗೆ ಹಾಕಿ, ಹೊರಸು ಹೊತ್ತು ಮನೆಗೆ ಬಂದ.

ಸಂಜೆ ಇಳಿಯತೊಡಗಿತು. ಅಂಬ್ರಪ್ಪ ಮಾವನ ಟೆಂಪೋ ಬಂದು ಬಾಗಿಲಿಗೆ ನಿಂತಿತು. ಮಾವ ಇಳಿದು, ಧೋತರದ ಚುಂಗು ಕೈಯಲ್ಲಿ ಹಿಡಿದು, ಗಲ್ಲೆ ತೆರೆದು ನೋಡಿದ. ಅರಿಶಿನದ ಕೊಂಬು ಅವನನ್ನೇ ನೋಡಿತು.

"ಇನ್ನೂ ದೀಪ ಹಚ್ಚಿಲ್ಲ," ಎಂದ ತಾಯಪ್ಪ ಸಣ್ಣ ದನಿಯಲ್ಲಿ.

"ಹಚ್ಚೂತನಕ ಕೂಡ್ತೀನಿ. ನಾ ಮಾತಿಗೆ ತಪ್ಪಾಂವಲ್ಲ," ಎಂದು ಮಾವ ಹೊರಸಿನ ಮೇಲೆ ಕೂತ. ದೇವಕಮ್ಮ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಆಕೆ ಅಷ್ಟು ನಿಧಾನವಾಗಿ ಬತ್ತಿ ಹೊಸೆದದ್ದನ್ನು ಆ ಮನೆ ಎಂದೂ ಕಂಡಿರಲಿಲ್ಲ.

ಆಗ ಬಾಗಿಲಲ್ಲಿ ನೆರಳು ಬಿತ್ತು. ತಿಮ್ಮವ್ವ! ಸೆರಗಿನ ಗಂಟು ಬಿಚ್ಚುತ್ತಲೇ ಬಂದಳು. "ಯಪ್ಪಾ, ಮಹಾತ್ಮರು ಮಲಗಿದ್ದ ಜಾಳಗಿ ಇದ ಅಂಗಡೀದಂತ. ಮೊಮ್ಮಗಳು ಹಡದಾಳ. ಕೂಸಿನ ತೊಟ್ಟಲಿಗೆ ಕಟ್ತೀನಿ. ಕೊಡು." ಅಂಗಿ ಬದಲಾಯಿಸಿ, ಕೆನ್ನೆ ಊದಿಸಿಕೊಂಡು ನಿಂತಿದ್ದ ತಾಯಪ್ಪನ ಗುರುತು ಆಕೆಗೆ ಸಿಗಲಿಲ್ಲ.

ತಾಯಪ್ಪ ರಿಬ್ಬನ್ ಕಟ್ಟಿದ ಪರದೆಯೊಂದನ್ನು ಎತ್ತಿಕೊಟ್ಟ.

"ಇದು ಅದ ಹೌದಲ್ಲೋ?" ಎಂದಳು ಮುದುಕಿ. "ಅವರು ಮಲಗಿದ್ದು?"

ಸರ್ ಕಿವಿಯಲ್ಲಿ ಉಸುರಿದರು: "ಹೌದನ್ರಿ! ಸರಕಿಗಿಂತ ಸರಕಿನ ಹೆಸರು ದೊಡ್ಡದು. ಅದೂ ತತ್ವ!"

ಒಂದೇ ಒಂದು "ಹೌದು" ಅಂದರೆ ಅಂಗಡಿ ಅವನದು. ತಾಯಪ್ಪ ಬಾಯಿ ತೆರೆದ. ಎದುರಿಗೆ ಅವ್ವನ ಹೊರಸಿತ್ತು. ಅದರ ಮುಂದೆ ನಿಂತು, ಹಸುಗೂಸಿನ ತೊಟ್ಟಿಲಿಗೆ ಹೋಗುವ ವಸ್ತುವಿಗೆ, ಮೊದಲ ಬೋಣಿಗೆಗೇ ಸುಳ್ಳು ಹೇಳುವುದೆ?

"ಇಲ್ಲಬೇ ಯವ್ವಾ. ಅದು ಬಸ್ಸಿಗೆ ಸಿಕ್ಕು ಸುರಪುರಕ್ಕ ಹೋತು. ಮಲಗಿದ್ದಾಂವ ಮಹಾತ್ಮನೂ ಅಲ್ಲ, ನಾನ. ಆದ್ರ ಎಲ್ಲಾ ಪರದಿ ಒಂದ ನಮೂನಿ. ಕೂಸಿಗೆ ಸೊಳ್ಳಿ ಕಡಿಯಂಗಿಲ್ಲ."

ತಿಮ್ಮವ್ವ ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಹಂಗಾರ ನನ್ನ ನಮಸ್ಕಾರ ವಾಪಸ್ ಕೊಡು," ಎಂದು ಸೆರಗಿನ ಗಂಟು ಬಿಗಿದುಕೊಂಡು ಹೊರಟುಹೋದಳು.

ಒಳಗೆ ದೇವಕಮ್ಮ, ಇನ್ನು ತಡಮಾಡಿದರೆ ದೇವರಿಗೆ ತಪ್ಪಾಗುತ್ತದೆಂದು, ದೀಪ ಹಚ್ಚಿದಳು.

ಮಾವ ಎದ್ದು ದೀಪಕ್ಕೆ ಕೈಮುಗಿದ. ಆಮೇಲೆ ಟೆಂಪೋದವನಿಗೆ, "ಎತ್ತಪಾ ಮಾಲು," ಎಂದ. ಅಳಿಯನ ಕಡೆ ತಿರುಗಿ, "ನಾಳಿ ಹೊಸಾ ಇಲಕಲ್ ಸೀರಿ ಬಂದಾವ. ನಿನ್ನ ಹೆಗಲಿಗೆ ಚಲೋ ಒಪ್ತಾವ," ಎಂದ.

ಪರದೆಗಳೆಲ್ಲ ಟೆಂಪೋ ಏರಿದವು. ಮೂರು ಮಾತ್ರ ಉಳಿದಿದ್ದವು. ಅಷ್ಟರಲ್ಲಿ ದಾರಿಯಲ್ಲಿ ಗಡಿಬಿಡಿ. ಮುಂದೆ ಮೌಲಾಬಿ, ಅವಳನ್ನು ಹಿಂದೆ ಹಾಕಲು ನೋಡುತ್ತ ಬಾಷುಮಿಯಾ, ಇಬ್ಬರ ನಡುವೆ ತೂರುತ್ತ ಖಾಜಾಹುಸೇನ. ಮೂವರ ಮುಖಗಳೂ ಹಬ್ಬದ ಮನೆಯಂತೆ ಹೊಳೆಯುತ್ತಿದ್ದವು.

"ತಾಯಪ್ಪ ಅದಾನೇನ?"

"ಬರ್ರಿ ಬರ್ರಿ!" ತಾಯಪ್ಪ ಉಳಿದ ಮೂರು ಪರದೆಗಳನ್ನು ಎದೆಗವಚಿಕೊಂಡು ಓಡಿಬಂದ.

"ಅವನ್ನ ಆಕಡಿ ಇಡು ಬೇಟಾ," ಎಂದಳು ಮೌಲಾಬಿ. "ನಾಳಿ ಮುಂಜಾನಿ ಎಲ್ಲಾದಕ್ಕ ಮೊದಲ ನನ್ನ ಅಂಗಡಿಗೆ ಬಾ. ಒಂದು ಪಿನ್ನರ ತಗೋ. ಏನ ಕೈಗುಣನೋ ನಿಂದು! ಬೋಣಿಗಿ ನೀ ಮಾಡಿದಿ, ಮಧ್ಯಾಹ್ನಕ್ಕ ಅಂಗಡ್ಯಾಗ ಒಂದ ಗಾಜಿನ ಬಳಿ ಉಳಿಲಿಲ್ಲ."

"ಬಳಿ ಏನ ಹೇಳ್ತಿ! ನನಗ ಆನಿಕೊಂಡು ಕೂಡಾಕ ಒಂದು ಬೊಂಬು ಇಲ್ಲದಂಗ ಖಾಲಿ ಆಗ್ಯಾದ," ಎಂದ ಬಾಷುಮಿಯಾ. "ನಾಳಿ ಮೊದಲ ನಮ್ಮಲ್ಲಿ."

"ವರ್ಷದಿಂದ ಕೆಟ್ಟ ಮೈಕೂ ಬಾಡಿಗಿ ಹೋಗ್ಯಾವ ಕಾಕಾ! ಮೊದಲ ನಮ್ಮಲ್ಲಿ!" ಎಂದ ಖಾಜಾಹುಸೇನ.

ಮೂವರೂ ಅವನ ಒಂದೊಂದು ಕೈ ಹಿಡಿದು ಜಗ್ಗಿದರು. ಕೈ ಎರಡೇ ಇದ್ದುದರಿಂದ ಖಾಜಾಹುಸೇನ ಅಂಗಿಯ ಕಾಲರು ಹಿಡಿದ.

"ಅಲ್ರೀ, ಹಂಗಾರ ನನ್ನ ಅಂಗಡಿಗೆ ಯಾಕ ಇಲ್ಲ ಆ ಕೈಗುಣ?" ಎಂದು ತಾಯಪ್ಪ ಅಳುವವನಂತೆ ಕೇಳಿದ.

"ನಿನ್ನ ಅಂಗಡಿಗೆ ನೀ ಗಿರಾಕಿ ಅಲ್ಲಲ್ಲ," ಎಂದಳು ಮೌಲಾಬಿ. "ನಿಮ್ಮವ್ವ ಹೇಳ್ತಿದ್ದಳು, ನೀ ಸಣ್ಣಾಂವಿದ್ದಾಗ ಕಾಯಿಪಲ್ಯದಾಕಿ ನೀ ಬರೂತನಕ ಬುಟ್ಟಿ ಯಾರಿಗೂ ಮುಟ್ಟಾಕ ಕೊಡ್ತಿದ್ದಿಲ್ಲಂತ. ನಾ ನಗತಿದ್ದೆ. ಇವತ್ತ ನಂಬಿದೆ."

"ಹಂಗಾರ ನೀವರ ಒಂದೊಂದು ಪರದಿ ತಗೋರಿ. ಈಗ, ಇಲ್ಲೇ!"

ಮೂವರೂ ದೇವರ ಮುಂದಿನ ದೀಪ ನೋಡಿದರು. "ದೀಪ ಹಚ್ಚಿದ ಮ್ಯಾಲ ದುಡ್ಡು ಕೈಬಿಡಬಾರದಪಾ," ಎಂದ ಬಾಷುಮಿಯಾ ಮೆಲ್ಲಗೆ. "ನಾಳಿ ತಗೋತೀವಿ. ನೀ ಬಂದು ಬೋಣಿಗಿ ಮಾಡಿದ ಮ್ಯಾಲ."

ಇದನ್ನೆಲ್ಲ ಕೇಳುತ್ತಿದ್ದ ಅಂಬ್ರಪ್ಪ ಮಾವನ ಮುಖದ ಬಣ್ಣ ಬದಲಾಯಿತು. ವ್ಯಾಪಾರದಲ್ಲಿ ತಲೆ ನರೆತ ಮನುಷ್ಯ. ಅವನು ಮುಂದೆ ಬಂದು ಅಳಿಯನ ಹೆಗಲ ಮೇಲಿನ ಧೂಳು ಒರೆಸಿ, ಮೂವರ ಕೈಯಿಂದಲೂ ಅವನನ್ನು ಬಿಡಿಸಿಕೊಂಡ.

"ಮನ್ಯಾಗಿನ ನಿಧಿ ಓಣ್ಯಾಗ ಹಂಚಾಕ ನಾ ಹುಚ್ಚನೇನು?" ಎಂದ. "ಅಳಿಯಾ, ನಾ ಇಷ್ಟು ದಿನ ತಪ್ಪ ತಿಳಿದಿದ್ದೆ. ನೀ ಕೆಲಸದಾಂವ ಅಲ್ಲ. ನಾಳಿಂದ ಸೀರಿ ತೋರಸೂ ಕೆಲಸ ನಿನಗಿಲ್ಲ."

"ಖರೇನಾ ಮಾವಾ?"

"ನೀ ಇನ್ನ ನನ್ನ ಗಿರಾಕಿ! ದಿನಾ ಮೊದಲ ಬಸ್ಸಿಗೆ ಬಾ. ನಿನ್ನ ದುಡ್ಡು ಕೊಟ್ಟು ಒಂದು ಸೀರಿ ತಗೋ. ಮಗಳನ್ನ ಕೊಟ್ಟ ಮ್ಯಾಲ ಅಳಿಯ ಬ್ಯಾರೆ ಮನಿಯಾಂವ, ಬೋಣಿಗಿಗೆ ದೋಷಿಲ್ಲ. ಸಂಜಿ ದೀಪ ಹಚ್ಚೂ ಮೊದಲ ಸೀರಿ ವಾಪಸ್ ಕೊಡು, ದುಡ್ಡು ವಾಪಸ್ ತಗೋ."

"ಗಿರಾಕಿ ದೇವರು!" ಎಂದರು ಹಣಮಂತ್ರಾಯ ಸರ್, ಕಣ್ಣಲ್ಲಿ ನೀರು ತಂದುಕೊಂಡು. ಕೊನೆಗೂ ತಮ್ಮ ತತ್ವವೊಂದು ಗೆದ್ದಿತ್ತು.

ತಾಯಪ್ಪನಿಗೂ ಎದೆ ಹಗುರಾಯಿತು. ಅಂಗಡಿ ಹೋಯಿತು, ನಿಜ. ಆದರೆ ಸೀರೆ ಹೊದ್ದು ನಿಲ್ಲುವ ಆಳಾಗಿ ಅಲ್ಲ, ಕಾಸು ಕೊಟ್ಟು ಕೊಳ್ಳುವ ಗಿರಾಕಿಯಾಗಿ ಯಾದಗಿರಿಗೆ ಹೋಗುವುದರಲ್ಲಿ ಒಂದು ಮರ್ಯಾದೆ ಇತ್ತು.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸು ಹತ್ತಿದ. ಹಿಂದಿನ ಸೀಟಿನಿಂದ, ಹಿಂದಿನ ದಿನ ಸುರಪುರಕ್ಕೆ ಹೋಗಿದ್ದ ಅದೇ ಕಂಡಕ್ಟರ್ ಬಿಳಿಯ ಪರದೆಯೊಳಗಿಂದ ಮೈಮುರಿಯುತ್ತ ಎದ್ದು ಬಂದ. "ಏನ ನಿದ್ದಿ ಬಂತ್ರೀ! ನಿನ್ನಿ ಈ ಜಾಳಗಿ ದೇವರ ಕೊಟ್ಟಂಗ ಬಸ್ಸಿಗೆ ಬಂದು ಹತ್ತಿತ್ತು. ಇಂಥಾವು ಎಲ್ಲಿ ಸಿಗ್ತಾವೋ ಏನೋ, ನಮ್ಮವರೆಲ್ಲಾ ಕೇಳಾಕತ್ತಾರ," ಎಂದ. ತಾಯಪ್ಪ ಕಿಟಕಿಯಾಚೆ ನೋಡುತ್ತ ಟಿಕೀಟು ತೆಗೆಸಿದ. ಅಂದಿನ ಮೊದಲ ಟಿಕೀಟು ಅದು. ಭೀಮೆಯ ಸೇತುವೆ ಬರುವಷ್ಟರಲ್ಲಿ ಬಸ್ಸು ಎಷ್ಟು ತುಂಬಿತೆಂದರೆ ಅವನು ಇಬ್ಬರು ಮುದುಕಿಯರಿಗೆ ಜಾಗ ಬಿಟ್ಟು, ಒಂಟಿ ಕಾಲಲ್ಲಿ ನಿಂತಿದ್ದ.

ಅಂಗಡಿಯ ಬಾಗಿಲಲ್ಲಿ ಮಾವ ಕಾಯುತ್ತಿದ್ದ. "ಬಲಗಾಲಿಟ್ಟು ಬಾ," ಎಂದ. ತಾಯಪ್ಪ ಬಲಗಾಲಿಟ್ಟು ಒಳಗೆ ಹೋಗಿ, ಒಂದು ಇಲಕಲ್ ಸೀರೆ ಆರಿಸಿ, ಗತ್ತಿನಿಂದ ನೋಟು ಕೊಟ್ಟ. ಮಾವ ನೋಟನ್ನು ಕಣ್ಣಿಗೊತ್ತಿಕೊಂಡ. ಅದು ಗಲ್ಲೆಗೆ ಬಿತ್ತೋ ಇಲ್ಲವೋ, ಹೆಂಗಸರ ದೊಡ್ಡ ಗುಂಪೊಂದು ಗದ್ದಲ ಮಾಡುತ್ತ ಒಳಗೆ ನುಗ್ಗಿತು. ಗಾದಿ, ಬೆಂಚು, ಮೂಲೆ, ಎಲ್ಲ ತುಂಬಿಹೋಯಿತು.

"ಮಾವಾ," ಎಂದ ತಾಯಪ್ಪ, ಸೀರೆ ಹಿಡಿದು ಗೋಡೆಗೆ ಒತ್ತಿಕೊಂಡು. "ಸಂಜಿತನಕ ಇದನ್ನ ಎಲ್ಲಿಡ್ಲಿ?"

ಮಾವ ಕೈಯಲ್ಲಿದ್ದ ಗಜಗೋಲಿನಿಂದಲೇ ಸನ್ನೆ ಮಾಡಿದ.

"ಇಡಾಕ ಜಾಗ ಎಲ್ಲದಪಾ? ಹೆಗಲ ಮ್ಯಾಲ ಹಾಕ್ಕೊಂಡು ಅಲ್ಲೇ ನಿಂದ್ರು. ಹಾಂ, ಹಂಗ... ಸ್ವಲ್ಪ ಈಕಡಿ ತಿರುಗು ಅಳಿಯಾ, ಅಕ್ಕಾರಿಗೆ ಸೆರಗು ಕಾಣ್ಲಿ."